ವಿಮೆ ಇದ್ದ ಮೇಲೂ ಏಕೆ?

ಅಮೆರಿಕದ ಮಗಳ ಮನೆಯಲ್ಲಿ ಆರು ತಿಂಗಳಿದ್ದು ಬಂದ ಧಾರವಾಡದ ನಿವೃತ್ತ ಜೀವಶಾಸ್ತ್ರ ಮಾಸ್ತರರೊಬ್ಬರು ಬರೆಯುತ್ತಾರೆ: “ವಿಮೆ ಇದ್ದೂ ಅಲ್ಲಿಯ ಕಪ್ಪು ವರ್ಣೀಯರು ಕ್ಯಾನ್ಸರಿನಿಂದ ಹೆಚ್ಚು ಸಾಯುತ್ತಾರೆಂದರೆ, ಅದು ಅವರ ಮೈಗುಣವೇ ಇರಬೇಕಲ್ಲವೇ?”

ಮಾನ್ಯರೇ, ಜೀವಶಾಸ್ತ್ರಕ್ಕೆ ಸಲ್ಲಬೇಕಾದುದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ‘ಟ್ರಿಪಲ್ ನೆಗೆಟಿವ್’ ಸ್ತನ ಕ್ಯಾನ್ಸರ್ ಅಲ್ಲಿನ ಕಪ್ಪು ಮಹಿಳೆಯರಲ್ಲಿ ಬಿಳಿಯರಿಗಿಂತ ಸುಮಾರು ಇಮ್ಮಡಿ. ಆದರೆ ಇಷ್ಟಕ್ಕೇ ಪುಸ್ತಕ ಮುಚ್ಚುವ ವಿದ್ಯಾರ್ಥಿಯನ್ನು ತಾವು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಿ.

ಅಮೆರಿಕದ ವೈದ್ಯ ಪೀಟರ್ ಬಾಕ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಅದರಲ್ಲಿದ್ದ 10,984 ರೋಗಿಗಳೆಲ್ಲರೂ 65 ತುಂಬಿದವರು, ಮೆಡಿಕೇರ್ ಎಂಬ ಸರ್ಕಾರಿ ವಿಮೆ ಉಳ್ಳವರು. ಎಲ್ಲರ ಶ್ವಾಸಕೋಶದ ಕ್ಯಾನ್ಸರೂ ಕತ್ತರಿಸಿ ತೆಗೆಯಬಹುದಾದ ಹಂತದಲ್ಲೇ ಪತ್ತೆಯಾಗಿತ್ತು. ಶಸ್ತ್ರಚಿಕಿತ್ಸೆ ಆದದ್ದು ಬಿಳಿಯರಲ್ಲಿ ಶೇ 76.7, ಕಪ್ಪು ವರ್ಣೀಯರಲ್ಲಿ ಶೇ 64 ಮಂದಿಗೆ. ಐದು ವರ್ಷ ಬದುಕಿದವರು ಕ್ರಮವಾಗಿ ಶೇ 34.1 ಮತ್ತು 26.4. ಶಸ್ತ್ರಚಿಕಿತ್ಸೆ ಆದವರನ್ನಷ್ಟೇ ಹೋಲಿಸಿದರೆ ಬದುಕುಳಿದ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮೈಗುಣವೇ ಕಾರಣವಾಗಿದ್ದರೆ ಆ ಅಂತರ ಆಪರೇಷನ್ ಕೊಠಡಿಯೊಳಗೂ ಅವರನ್ನು ಹಿಂಬಾಲಿಸಬೇಕಿತ್ತು.

ನನ್ನ ಸೋದರತ್ತೆಯವರನ್ನು ಆಸ್ಪತ್ರೆಯೊಂದಕ್ಕೆ ಕರೆದೊಯ್ದ ದಿನ ವಿಮಾ ಕಾರ್ಡು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ವೈದ್ಯರು ಕಂಪ್ಯೂಟರಿನಿಂದ ಕಣ್ಣೆತ್ತದೆ “ವಯಸ್ಸಾಯ್ತಲ್ಲ, ನೋಡೋಣ” ಎಂದರು. ಅದೇ ವಯಸ್ಸಿನ, ಇಂಗ್ಲಿಷ್ ಬಲ್ಲ ಇನ್ನೊಬ್ಬರಿಗೆ ಬಯಾಪ್ಸಿಯ ದಿನಾಂಕ ಆಗಲೇ ಸಿಕ್ಕಿತು. ಇದನ್ನು ಅಮೆರಿಕದ ವರ್ಣಭೇದಕ್ಕೆ ಸಮವೆನ್ನುತ್ತಿಲ್ಲ, ಆದರೆ ಆ “ನೋಡೋಣ” ಯಾವ ವಿಮಾ ಪತ್ರದಲ್ಲೂ ಬರೆದಿರುವುದಿಲ್ಲ. ವರ್ಜೀನಿಯಾದ ವೈದ್ಯಕೀಯ ವಿದ್ಯಾರ್ಥಿಗಳ ಕುರಿತ 2016ರ ಅಧ್ಯಯನದಲ್ಲಿ, ಕಪ್ಪು ವರ್ಣೀಯರ ಚರ್ಮ ದಪ್ಪವೆಂಬಂತಹ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದವರು ಅರ್ಧದಷ್ಟಿದ್ದರು. ಇದೂ ‘ಜೀವಶಾಸ್ತ್ರ’ದ ಹೆಸರಿನಲ್ಲೇ ಕಲಿತ ಪಾಠ, ಮಾಸ್ತರರೇ.

ಜೀನ್ ಎಂದರೆ ಸಾಕು, ನಮ್ಮ ಸುದ್ದಿಮನೆಗಳು ಮುಖಪುಟ ಬಿಟ್ಟುಕೊಡುತ್ತವೆ. ಆದರೆ ಅಮೆರಿಕದ ಗ್ರೀನ್ಸ್‌ಬರೋ ಮತ್ತು ಪಿಟ್ಸ್‌ಬರ್ಗ್ ನಗರಗಳ ಕ್ಯಾನ್ಸರ್ ಕೇಂದ್ರಗಳಲ್ಲಿ ನಡೆದದ್ದು ಬಹಳ ಸಾದಾ ಕೆಲಸ: ರೋಗಿ ಒಂದು ಭೇಟಿ ತಪ್ಪಿಸಿದರೆ ಕಂಪ್ಯೂಟರು ಎಚ್ಚರಿಸುತ್ತಿತ್ತು, ತರಬೇತಾದ ದಾದಿಯೊಬ್ಬರು ಸಂಪರ್ಕಿಸಿ ಅಡ್ಡಿ ಏನೆಂದು ವಿಚಾರಿಸುತ್ತಿದ್ದರು. ಆರಂಭ ಹಂತದ ಸ್ತನ, ಶ್ವಾಸಕೋಶ ಕ್ಯಾನ್ಸರಿನ ಚಿಕಿತ್ಸೆ ಪೂರೈಸಿದ ಕಪ್ಪು ರೋಗಿಗಳ ಪ್ರಮಾಣ ಶೇ 79.8ರಿಂದ 88.4ಕ್ಕೇರಿ, ಬಿಳಿಯರ 89.5ರ ಪಕ್ಕಕ್ಕೆ ಬಂದು ನಿಂತಿತು. 2019ರಲ್ಲಿ ಬಂದ ಈ ಫಲಿತಾಂಶಕ್ಕೆ ನಮ್ಮ ಪತ್ರಿಕೆಯೂ ಆಗ ಒಂದು ಕಾಲಂ ಕೊಡಲಿಲ್ಲ. ಆ ತಪ್ಪು ನನ್ನದೇ.