ಬಂದೂಕಿಗೂ ಬಂಗಾರಕ್ಕೂ ಒಂದೇ ತಿಜೋರಿ ಸಾಕೇ?

ಪ್ರಶ್ನೆ: ಬೆಳೆ ಕಾಯಲೆಂದು ತಂದೆಯವರ ಕಾಲದಿಂದ ಇರುವ ಜೋಡು ನಳಿಗೆಯ 12 ಬೋರ್ ಬಂದೂಕಿಗೆ ಈಗ ನನ್ನ ಹೆಸರಿನ ಲೈಸೆನ್ಸ್ ಇದೆ. ಮನೆಯಲ್ಲಿ ಹತ್ತು ತೊಲೆ ಬಂಗಾರ, ಹೊಲದ ಕಾಗದಪತ್ರಗಳೂ ಇವೆ. ಎಲ್ಲವನ್ನೂ ಒಂದೇ ತಿಜೋರಿಯಲ್ಲಿ ಇಡಬಹುದೇ? ನಂಬರಿನ ಬೀಗ ಒಳ್ಳೆಯದೋ, ಕೀಲಿಯದ್ದೋ? ನೆಲಕ್ಕೆ ಶಹಾಬಾದ್ ಫರ್ಸಿ ಹಾಸಿದೆ.
– ಓದುಗರೊಬ್ಬರು, ಸೇಡಂ

ಉತ್ತರ: ಎರಡನ್ನೂ ಒಂದೇ ಬಾಗಿಲ ಹಿಂದೆ ಇಡಬೇಡಿ. ಹಬ್ಬ, ಮದುವೆ ಬಂತೆಂದರೆ ಬಂಗಾರದ ಕೀಲಿ ಮನೆಮಂದಿಯ ಕೈಗೆಲ್ಲ ಹೋಗುತ್ತದೆ. ಬಂದೂಕು ಲೈಸೆನ್ಸ್ ಇರುವ ನಿಮ್ಮೊಬ್ಬರ ಕೈಗಷ್ಟೇ ಸಿಗಬೇಕು. ಇನ್ನೊಂದು ಕಾರಣವೂ ಇದೆ. ಕಾಗದಪತ್ರಕ್ಕೆ ಬೆಂಕಿ ತಡೆಯುವ ತಿಜೋರಿ ಬೇಕು. ಅದರ ಗೋಡೆಯೊಳಗೆ ತುಂಬಿದ ಮಸಾಲೆಯಲ್ಲಿ ನೀರಿನಂಶ ಇರುವುದರಿಂದ ಅದೇ ತಿಜೋರಿಯಲ್ಲಿಟ್ಟ ನಳಿಗೆಗೆ ತುಕ್ಕು ಹತ್ತುತ್ತದೆ.

ನಿಮ್ಮ ಬಂದೂಕು ಇಡಿಯಾಗಿ ಸುಮಾರು 45 ಇಂಚು ಇದ್ದೀತು, ಅಳೆದುಕೊಳ್ಳಿ. 40 ಲೀಟರಿನ ಸಣ್ಣ ತಿಜೋರಿಯಲ್ಲಿ ಬಿಚ್ಚಿಟ್ಟರೂ ಹಿಡಿಯದು. ಒಳಗೆ 50 ಇಂಚು ಎತ್ತರ, ಬಾಗಿಲಿಗೆ 5 ಮಿ.ಮೀ., ಮೈಗೆ 3 ಮಿ.ಮೀ. ಉಕ್ಕು ಇರುವ ಕಪಾಟು ನೋಡಿ. ಬಟ್ಟೆಯ ಅಲಮಾರಿಯ ತಗಡು 1 ಮಿ.ಮೀ.ಗಿಂತ ತೆಳು, ಹಾರೆಯಿಂದ ಮೀಟಿದರೆ ಮಡಚಿಕೊಳ್ಳುತ್ತದೆ.

ಫರ್ಸಿಯ ವಿಷಯ ಬರೆದದ್ದು ಒಳ್ಳೆಯದಾಯಿತು, ಹೆಚ್ಚಿನವರು ಎಡವುವುದು ಇಲ್ಲೇ. ಅದು ಪದರು ಪದರಾದ ಸುಣ್ಣಕಲ್ಲು. ಡ್ರಿಲ್ ಇಟ್ಟರೆ ಅಂಚಿನಲ್ಲಿ ಸೀಳುತ್ತದೆ. ಸೀಳದಿದ್ದರೂ ಕೆಳಗೆ ಬರೀ ಮೊರಮು ಇದ್ದರೆ ಬೋಲ್ಟಿಗೆ ಹಿಡಿತವಿಲ್ಲ, ತಿಜೋರಿ ಕಲ್ಲಿನ ಸಮೇತ ಎದ್ದುಬರುತ್ತದೆ. ಗೌಂಡಿಗೆ ಹೇಳಿ ಫರ್ಸಿ ಎಬ್ಬಿಸಿ, ಕಪಾಟಿನ ತಳಕ್ಕಿಂತ ಸುತ್ತಲೂ ಅರ್ಧ ಅಡಿ ಅಗಲವಾಗಿ 8 ಇಂಚು ದಪ್ಪ 1:2:4 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು ಹಾಕಿಸಿ, ಒಳಗೆ 8 ಮಿ.ಮೀ. ಸರಳಿನ ಜಾಲರಿ ಇರಲಿ. ಏಳು ದಿನ ತಪ್ಪದೆ ನೀರುಣಿಸಿ, 28 ದಿನ ಕಳೆದ ಮೇಲೆ 12 ಮಿ.ಮೀ.ಯ ನಾಲ್ಕು ಆಂಕರ್ ಬೋಲ್ಟ್‌ಗಳನ್ನು ಕಪಾಟಿನ ಒಳಗಿನಿಂದ ಬಿಗಿಸಿ. ತೂತಿನ ಪುಡಿಯನ್ನು ಊದಿ ತೆಗೆಯದಿದ್ದರೆ ಬೋಲ್ಟ್ ಕಚ್ಚುವುದಿಲ್ಲ, ಸುಮ್ಮನೆ ಸುತ್ತುತ್ತದೆ.

ಬೀಗ ಕೀಲಿಯದ್ದೇ ಇರಲಿ, ಕೀಲಿ ನಿಮ್ಮ ಮೈಮೇಲೇ ಇರಲಿ. ಅಗ್ಗದ ನಂಬರ್ ಬೀಗಗಳಲ್ಲಿ ಚಿಲಕವನ್ನು ತಡೆದಿರುವುದು ಸ್ಪ್ರಿಂಗಿನ ಮೇಲೆ ಕೂತ ಒಂದು ಸಣ್ಣ ಕಡ್ಡಿ. ಬಂಗಾರಕ್ಕೆ ಅಂಥದ್ದನ್ನು ಕೊಳ್ಳುವುದಾದರೆ ಅಂಗಡಿಯಲ್ಲೇ ಹಿಡಿಯನ್ನು ತಿರುಗಿಸುತ್ತ ತಿಜೋರಿಯ ನೆತ್ತಿಗೆ ಮುಷ್ಟಿಯಿಂದ ಗುದ್ದಿ ನೋಡಿ. ಕಡ್ಡಿ ಜಿಗಿದು ಬಾಗಿಲು ತೆರೆದರೆ ಅದು ಬೇಡ.

ಇಡುವ ಮುನ್ನ ಬಂದೂಕನ್ನು ನಡುವೆ ಮಡಚಿ ತೆರೆದು ಎರಡೂ ನಳಿಗೆ ಖಾಲಿ ಇವೆಯೇ ನೋಡಿ, ಎಣ್ಣೆ ಬಟ್ಟೆಯಿಂದ ಒರೆಸಿ, ಚರ್ಮದ ಚೀಲವಿಲ್ಲದೆ ನಿಲ್ಲಿಸಿ. ಚೀಲ ತೇವ ಹಿಡಿಯುತ್ತದೆ. ತೋಟಾಗಳಿಗೆ ಬೇರೆಯೇ ಬೀಗ. ಲೈಸೆನ್ಸಿನ ನಕಲು ಮತ್ತು ಬಂದೂಕಿನ ನಂಬರು ಬಂಗಾರದ ತಿಜೋರಿಯಲ್ಲಿರಲಿ. ಕಳುವಾದರೆ ತಡಮಾಡದೆ ಠಾಣೆಗೆ ಹೋಗಬೇಕು, ಅಲ್ಲಿ ಮೊದಲು ಕೇಳುವುದು ಅದನ್ನೇ.