ಸುರಕ್ಷತಾ ತರಬೇತಿಯಿಂದ ಗಣಿ ಕಾರ್ಮಿಕರು ನಿಜವಾಗಿ ಬದಲಾಗುತ್ತಾರೆಯೇ?

ಈ ತರಬೇತಿಯೆಲ್ಲ ಸಹಿ ಹಾಕಿಸಿಕೊಳ್ಳುವ ಶಾಸ್ತ್ರವಲ್ಲವೇ ಎಂದು ಕೇಳಿದ್ದೀರಿ. ಬಳ್ಳಾರಿ ಜಿಲ್ಲೆಯ ಸಂಡೂರು ಕಡೆಯ ಕಬ್ಬಿಣದ ಅದಿರಿನ ಗಣಿಗಳಲ್ಲಿ ಅದಿರು ಸಾಗಿಸುವ ದೈತ್ಯ ಲಾರಿಯಾದ ಡಂಪರನ್ನು ವರ್ಷಗಟ್ಟಲೆ ಓಡಿಸಿ, ಈಗ ಹೊಸಬರಿಗೆ ಕಲಿಸುತ್ತಿರುವವನು ನಾನು. ಶಾಸ್ತ್ರಕ್ಕೆ ಮಾಡಿದರೆ ಅದು ಶಾಸ್ತ್ರವೇ. ಆದರೆ ಒಂದೇ ಬೆಳಿಗ್ಗೆಯಲ್ಲಿ ಬದಲಾದವರನ್ನೂ ಕಣ್ಣಾರೆ ಕಂಡಿದ್ದೇನೆ.

ನಿಲ್ಲಿಸಿದ ಡಂಪರಿನ ಸುತ್ತ ಆಳೆತ್ತರದ ಎಂಟು ಕೋಲು ನೆಟ್ಟು, ತುದಿಗೊಂದು ಹಳದಿ ಹೆಲ್ಮೆಟ್ ಸಿಕ್ಕಿಸುತ್ತೇವೆ. ಕೆಳಗೆ ಕೆಲಸ ಮಾಡುವವರನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಎಷ್ಟು ಕಾಣುತ್ತವೆ ಎಂದು ಕೇಳುತ್ತೇವೆ. ಒಮ್ಮೆ ಒಬ್ಬ ಹುಡುಗ ಎಣಿಸಿ ಮೂರು ಎಂದ. ಇಳಿದು ಬಂದು, ಎಡಬದಿಯ ಮುಂದಿನ ಗಾಲಿಯ ಪಕ್ಕದ ಕೋಲನ್ನು ಮುಟ್ಟಿ ಸುಮ್ಮನೆ ನಿಂತ. "ಸರ್, ದಿನಾ ನೆರಳಿಗೆಂದು ನಾನು ನಿಲ್ಲುವುದು ಇಲ್ಲೇ" ಎಂದ. ಅಂದಿನಿಂದ ಚಾಲಕ ತನ್ನತ್ತ ಕೈ ಎತ್ತುವವರೆಗೆ ಅವನು ಡಂಪರಿನ ಹತ್ತಿರ ಸುಳಿಯುತ್ತಿರಲಿಲ್ಲ. ಡಂಪರ್ ಅಪಾಯಕಾರಿ ಎಂಬುದು ಅವನಿಗೆ ಮೊದಲೂ ಗೊತ್ತಿತ್ತು. ಚಾಲಕನಿಗೆ ತಾನು ಕಾಣುತ್ತೇನೆ ಎಂದು ನಂಬಿದ್ದ, ಅಷ್ಟೇ. ಎಷ್ಟು ಪೋಸ್ಟರ್ ಅಂಟಿಸಿದರೂ ಆ ನಂಬಿಕೆ ಹೋಗುತ್ತಿರಲಿಲ್ಲ.

1966ರ ಗಣಿ ವೃತ್ತಿ ತರಬೇತಿ ನಿಯಮಗಳ ಪ್ರಕಾರ ಹೊಸಬರಿಗೆ ಆರಂಭದ ತರಬೇತಿ, ಆಮೇಲೆ ಐದು ವರ್ಷಕ್ಕೊಮ್ಮೆ ಪುನರ್ ತರಬೇತಿ ಆಗಬೇಕು. ಐದು ವರ್ಷ ಬಹಳ ದೀರ್ಘ. ಮಳೆಗಾಲದಲ್ಲಿ ಕೆಂಪು ಕೆಸರಿನ ಇಳಿಜಾರಿನಲ್ಲಿ ನಿಧಾನವಾಗಿ ಇಳಿಯುವ ಶಿಸ್ತು ಬೇಸಿಗೆ ಬರುವಷ್ಟರಲ್ಲಿ ಮರೆತಿರುತ್ತದೆ. ಆದ್ದರಿಂದ ಪ್ರತಿ ಪಾಳಿಗೂ ಮುನ್ನ, ಆ ದಿನದ ದಾರಿ, ಆ ದಿನದ ಬ್ಲಾಸ್ಟಿಂಗ್ (ಮದ್ದು ಸಿಡಿಸಿ ಬಂಡೆ ಒಡೆಯುವ ಕೆಲಸ) ಬಗ್ಗೆಯೇ ಹತ್ತು ನಿಮಿಷ ಮಾತಾಡಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ಕಲಿಸಿದ್ದನ್ನು ಕೆಡಿಸುವುದೂ ಅಷ್ಟೇ ಸುಲಭ. ಹಿಂದೆ ನಾನಿದ್ದ ಒಂದು ಗಣಿಯಲ್ಲಿ, ರಿವರ್ಸ್ ಹಾರ್ನ್ ಕೆಟ್ಟಿದೆ, ಗಾಡಿ ತೆಗೆಯುವುದಿಲ್ಲ ಎಂದ ಚಾಲಕನನ್ನು ಮನೆಗೆ ಕಳಿಸಿ ಆ ದಿನದ ಕೂಲಿ ಕತ್ತರಿಸಿದರು. ಅವನು ಮಾಡಿದ್ದು ತರಗತಿಯಲ್ಲಿ ನಾವೇ ಹೇಳಿಕೊಟ್ಟದ್ದನ್ನು. ಮರುದಿನದಿಂದ ಗಾಡಿಯ ದೋಷ ಬರೆಯುವ ಪುಸ್ತಕದಲ್ಲಿ ಯಾರೂ ಒಂದಕ್ಷರ ಬರೆಯಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಗುತ್ತಿಗೆ ಕಾರ್ಮಿಕನಿಗಂತೂ ಒಂದು ದಿನದ ಕೂಲಿ ಎಂದರೆ ಮನೆಯ ಒಲೆ.

ನೀವು ಅಧ್ಯಯನಕ್ಕೆಂದು ಗಣಿಗೆ ಹೋಗುವುದಾದರೆ ತರಬೇತಿಯ ಹಾಜರಿ ಪಟ್ಟಿಯ ಜೊತೆಗೆ ಆ ದೋಷ ಪುಸ್ತಕವನ್ನೂ ಕೇಳಿ ನೋಡಿ. ತರಬೇತಿಯ ನಂತರ ಬರಹ ಹೆಚ್ಚಾಗಿದ್ದರೆ ಗಾಬರಿಯಾಗಬೇಡಿ, ಚಾಲಕರು ಬಾಯಿ ಬಿಡುತ್ತಿದ್ದಾರೆ ಎಂದು ಅರ್ಥ. ಪುಟಗಳು ಖಾಲಿಯಿದ್ದರೆ, ಗೇಟಿನ ಹೊರಗಿನ ಚಹಾ ಅಂಗಡಿಯಲ್ಲಿ ಅವರ ಪಕ್ಕ ಕುಳಿತು ಕಾರಣ ವಿಚಾರಿಸಿ.