ಬಾಗಿಲಲ್ಲಿ ನಿಂತ ಪೈಲ್ವಾನ

ಇದು ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದ ಕೋಲಾರ ಜಿಲ್ಲೆಯ ಒಬ್ಬ ಯುವಕನ ಪ್ರಕರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ಮುನಿರಾಜು ಅಂತ ಕರೆಯೋಣ. ವಯಸ್ಸು 27. ಬಿ.ಕಾಂ. ಓದಿ, ಹೆಂಗಸರ ಗುಂಪುಗಳಿಗೆ ಸಂಘದ ಸಾಲ ಕೊಡುವ ಒಂದು ಫೈನಾನ್ಸ್ ಕಂಪನಿಯಲ್ಲಿ ಫೀಲ್ಡ್ ಆಫೀಸರ್ ಆಗಿದ್ದಾರೆ. ಕೆಲಸ ಬಿಟ್ಟರೆ ಜಿಮ್. ಪಿಯುಸಿಯಲ್ಲಿದ್ದಾಗ ಎಲ್ಲರೂ ‘ಕಡ್ಡಿ ಪೈಲ್ವಾನ್’ ಅಂತ ಆಡಿಕೊಳ್ಳುತ್ತಿದ್ದರಂತೆ. ಆ ಹಟಕ್ಕೆ ಶುರುವಾದದ್ದು ಇವತ್ತಿಗೂ ನಿಂತಿಲ್ಲ. ಈಗ ರೆಡಿಮೇಡ್ ಶರ್ಟಿನ ತೋಳು ಅವರಿಗೆ ಹತ್ತುವುದಿಲ್ಲ, ಹೊಲಿಸಿಕೊಂಡೇ ಹಾಕಬೇಕು.

ಮೊದಲ ದಿನ ಕುರ್ಚಿಯ ತುದಿಯಲ್ಲಿ ಕೂತು, ಎರಡೂ ಕೈಯನ್ನು ತೊಡೆ ಕೆಳಗೆ ಸೇರಿಸಿಕೊಂಡಿದ್ದರು. ಅಷ್ಟು ದೊಡ್ಡ ಮನುಷ್ಯ ಆದಷ್ಟು ಚಿಕ್ಕದಾಗಿ ಕಾಣಲು ನೋಡುತ್ತಿದ್ದರು.

‘ಜನ ನನ್ನ ಒಂಥರಾ ನೋಡ್ತಾರೆ ಮೇಡಂ. ರಾತ್ರಿ ನಿದ್ದೆ ಬರ್ತಿಲ್ಲ.’

ಒಂಥರಾ ಅಂದರೆ ಹೇಗೆ ಅಂತ ಕೇಳಿದೆ. ಬಂಗಾರಪೇಟೆ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಎಲ್ಲಕ್ಕಿಂತ ಕೊನೆಗೆ ತುಂಬುತ್ತದೆ. ಟೀ ಅಂಗಡಿಯಲ್ಲಿ ಯಾರೋ ‘ಯಾವ ಪಬ್ಬಲ್ಲಿ ಬೌನ್ಸರ್ ಗುರೂ?’ ಅನ್ನುತ್ತಾರೆ. ಬೀದಿಯಲ್ಲಿ ಯಾರ ಮನೆಗೆ ಗ್ಯಾಸ್ ಸಿಲಿಂಡರ್ ಬಂದರೂ ಮಹಡಿಗೆ ಹೊರಲು ಇವರಿಗೇ ಕರೆ. ಮದುವೆ ಮನೆಯಲ್ಲಿ ಗುರುತು ಪರಿಚಯ ಇಲ್ಲದ ದೊಡ್ಡವರು ಸೀದಾ ಬಂದು ತೋಳು ಹಿಸುಕಿ, ‘ಏನು ತಿಂತೀಯಪ್ಪಾ?’ ಅಂತ ಕೇಳುತ್ತಾರೆ. ಮೆಡಿಕಲ್ ಶಾಪಿನಲ್ಲಿ ತಲೆನೋವಿನ ಮಾತ್ರೆ ಕೇಳಿದರೆ, ‘ಇಂಜೆಕ್ಷನ್ನಾ, ಪೌಡರ್ರಾ?’ ಎಂಬ ತನಿಖೆ. ‘ಇಷ್ಟು ವರ್ಷದ ಬೆವರನ್ನ ಒಂದು ಸೂಜಿ ಲೆಕ್ಕಕ್ಕೆ ಬರೆದುಬಿಡ್ತಾರೆ ಮೇಡಂ’ ಅಂದರು. ಈ ಮಾತಿನಲ್ಲಿ ನಿಜವಾದ ನೋವಿತ್ತು.

ತೋಳು ಹಿಸುಕುವ ವಿಷಯಕ್ಕೆ ನನ್ನದೂ ಒಂದು ಮಾತಿದೆ. ಹೆಣ್ಣುಮಕ್ಕಳ ಮೈ ಮುಟ್ಟುವುದು ತಪ್ಪು ಅಂತ ಈಗೀಗ ನಾಲ್ಕು ಜನಕ್ಕಾದರೂ ತಿಳಿದಿದೆ. ಗಂಡಸಿನ ತೋಳಿಗೆ ಆ ಮರ್ಯಾದೆ ಇನ್ನೂ ಸಿಕ್ಕಿಲ್ಲ. ಹೊಗಳುತ್ತಲೇ ಮುಟ್ಟುತ್ತಾರೆ, ಆದ್ದರಿಂದ ಬೇಡ ಅನ್ನಲೂ ಬಾಯಿ ಬರುವುದಿಲ್ಲ.

ಇಂಥವರು ಬಂದಾಗ ನಾನು ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳುತ್ತೇನೆ. ಎಷ್ಟು ಬೆಳೆದರೂ ಕನ್ನಡಿಯಲ್ಲಿ ತಾನು ಸಣಕಲು ಅಂತಲೇ ಕಾಣುವ ಒಂದು ಕಾಯಿಲೆ ಇದೆ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಜೊತೆಗಾರರು 1997ರಲ್ಲಿ ಅದಕ್ಕೆ ‘ಮಸಲ್ ಡಿಸ್ಮಾರ್ಫಿಯಾ’ ಅಂತ ಹೆಸರಿಟ್ಟರು. 2013ರಲ್ಲಿ ಅಲ್ಲಿನ ಮನೋವೈದ್ಯರ ಕೈಪಿಡಿಗೂ ಅದು ಸೇರಿತು. ಹಾಗಾಗಿ ಕೇಳಿದೆ. ಕನ್ನಡಿ ನೋಡಿದರೆ ಬೇಜಾರಾಗುತ್ತಾ? ಜಿಮ್ ತಪ್ಪುತ್ತೆ ಅಂತ ಮದುವೆ, ತಿಥಿ ಬಿಟ್ಟಿದ್ದೀರಾ? ನೋವಿದ್ದರೂ ಭಾರ ಎತ್ತುತ್ತೀರಾ? ಯುಗಾದಿ ದಿನ ಒಬ್ಬಟ್ಟು ತಿಂತೀರಾ? ‘ಅಮ್ಮ ಮಾಡಿದ್ರೆ ಆರು ತಿಂತೀನಿ’ ಅಂದರು. ಸ್ಟೀರಾಯ್ಡ್ ಕೊಡಿಸುತ್ತೇನೆ ಅಂತ ಜಿಮ್ಮಿನಲ್ಲೊಬ್ಬ ಹಿಂದೆ ಬಿದ್ದಿದ್ದನಂತೆ. ಅದನ್ನು ತಗೊಂಡ ಗೆಳೆಯನಿಗೆ ಎದೆ ಹೆಂಗಸರ ಹಾಗೆ ಬೆಳೆದದ್ದನ್ನು ನೋಡಿ ಇವರು ಹತ್ತಿರವೂ ಹೋಗಿಲ್ಲ. ಒಳ್ಳೆಯದೇ ಆಯಿತು. ಹೊರಗಿನಿಂದ ಆ ಹಾರ್ಮೋನ್ ಹೋದರೆ ಮೈ ತನ್ನದನ್ನು ತಯಾರಿಸುವುದು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ಈ ಪ್ರಶ್ನೆಗಳಿಗೆ ಉತ್ತರ ಬೇರೆ ಬಂದಿದ್ದರೆ ಅವರನ್ನು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಓದುವವರಲ್ಲಿ ಯಾರಿಗಾದರೂ ಈ ಲಕ್ಷಣ ತಮ್ಮದೇ ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮುನಿರಾಜು ತೊಂದರೆ ಕನ್ನಡಿಯದಲ್ಲ, ಜನರ ಕಣ್ಣಿನದು. ಅದಕ್ಕೆ ಒಂದು ಹಳೆಯ ಪ್ರಯೋಗದ ಕಥೆ ಹೇಳಿದೆ. 1980ರಲ್ಲಿ ಕ್ಲೆಕ್ ಮತ್ತು ಸ್ಟ್ರೆಂಟಾ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕೆಲವರ ಮುಖದ ಮೇಲೆ ಮೇಕಪ್‌ನಿಂದ ದೊಡ್ಡ ಗಾಯದ ಕಲೆ ಬರೆದು ಕನ್ನಡಿಯಲ್ಲಿ ತೋರಿಸಿದರು. ಆಮೇಲೆ ‘ಒಣಗಿ ಬಿರುಕು ಬಿಡಬಾರದು, ಸ್ವಲ್ಪ ಕ್ರೀಮ್ ಹಚ್ಚುತ್ತೇವೆ’ ಅಂತ ಹೇಳಿ, ಗೊತ್ತಾಗದ ಹಾಗೆ ಆ ಕಲೆಯನ್ನು ಪೂರ್ತಿ ಒರೆಸಿಬಿಟ್ಟರು. ಹಾಗೇ ಅಪರಿಚಿತರ ಜೊತೆ ಮಾತಾಡಲು ಕಳಿಸಿದರು. ಬಂದವರು ಹೇಳಿದ್ದೇನು? ಎದುರಿನವರು ಬಿಗಿಯಾಗಿದ್ದರು, ಕಲೆ ನೋಡಿಯೇ ಹಾಗೆ ನಡೆದುಕೊಂಡರು ಅಂತ. ಮುಖದ ಮೇಲೆ ಕಲೆಯೇ ಇರಲಿಲ್ಲ!

‘ಹಾಗಾದ್ರೆ ಎಲ್ಲ ನನ್ನ ಭ್ರಮೆ ಅಂತೀರಾ?’ ಸ್ವಲ್ಪ ಸಿಟ್ಟಾದರು.

ಎಲ್ಲ ಅಲ್ಲ, ಯಾವುದು ಭ್ರಮೆ ಯಾವುದು ನಿಜ ಅಂತ ಬೇರೆ ಮಾಡೋಣ, ಒಂದು ಪಾಕೆಟ್ ಪುಸ್ತಕ ಇಟ್ಟುಕೊಳ್ಳಿ ಅಂದೆ. ಅವರು ಏನು ಮಾಡಿದರು, ನಾನು ಏನಂದುಕೊಂಡೆ, ಅದಕ್ಕೆ ಮುಂಚೆ ನಾನು ಏನು ಮಾಡುತ್ತಿದ್ದೆ. ಈ ಮೂರೇ ಬರೆಯಬೇಕು.

ಪುಸ್ತಕ ತಂದರು. ಪೇಟೆಯಲ್ಲಿ ನಡೆದದ್ದರಲ್ಲಿ ಹೆಚ್ಚಿನವಕ್ಕೆ ಮೂರನೆಯ ಸಾಲಿನಲ್ಲೇ ಉತ್ತರ ಇತ್ತು. ಯಾರಾದರೂ ನೋಡುತ್ತಾರಾ ಅಂತ ಇವರೇ ಮೊದಲು ದಿಟ್ಟಿಸಿ ನೋಡುತ್ತಿದ್ದರು. ಹಾಗೆ ಹುಬ್ಬು ಗಂಟಿಕ್ಕಿ ನೋಡಿದರೆ ಯಾರಾದರೂ ತಿರುಗಿ ನೋಡದೆ ಇರುತ್ತಾರಾ? ಬಸ್ ಸೀಟಿನ ಕಥೆ ಇನ್ನೂ ಸರಳ. ಇಬ್ಬರು ಕೂರುವ ಸೀಟಿನಲ್ಲಿ ಇವರ ಭುಜವೇ ಒಂದೂವರೆ ಪಾಲು ಹಿಡಿಯುತ್ತದೆ. ಉಳಿದವರು ಹಾಕುವುದು ಜಾಗದ ಲೆಕ್ಕ. ಮುನಿರಾಜುಗೂ ನಗು ಬಂತು.

ಆದರೆ ಹಳ್ಳಿಗಳಲ್ಲಿ ಬರೆದ ಸಾಲುಗಳು ಬೇರೆ ಥರ ಇದ್ದವು. ‘ಮಗೂನ ಒಳಗೆ ಕರ್ಕೊಂಡ್ರು.’ ‘ಮಾತಾಡ್ತಾ ಇದ್ದೋರು ನಿಲ್ಸಿದ್ರು.’ ‘ಸೆರಗು ಸರಿ ಮಾಡ್ಕೊಂಡು ಎದ್ದು ನಿಂತ್ರು.’ ಎಲ್ಲವೂ ಕಲೆಕ್ಷನ್ ದಿನದವು. ಅದರಲ್ಲೂ ಸಂಜೆ ಕಲೆಕ್ಷನ್ ಬಗ್ಗೆ ಒಂದಕ್ಷರವೂ ಇರಲಿಲ್ಲ. ಯಾಕೆ ಬರೆದಿಲ್ಲ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು.

ಮುಳಬಾಗಿಲು ಕಡೆಯ ಒಂದು ಹಳ್ಳಿ. ಸಂಜೆ ಏಳು ದಾಟಿತ್ತು. ಸೊಸೆಯ ಹೆಸರಿನ ಸಾಲ, ಕೆಲವು ಕಂತು ಬಾಕಿ. ಮ್ಯಾನೇಜರ್ ಇನ್ನೊಬ್ಬ ಹುಡುಗನ ಜೊತೆ ಇವರನ್ನು ಕಳಿಸಿ ಹೇಳಿದ್ದು: ‘ನೀನೇನೂ ಮಾತಾಡ್ಬೇಡ. ಬಾಗಿಲಲ್ಲಿ ಸುಮ್ನೆ ನಿಂತ್ಕೊ.’ ನಿಂತರು. ಮನೆಯಲ್ಲಿ ಅತ್ತೆ, ಮೊಮ್ಮಗು ಇಬ್ಬರೇ. ಜೊತೆಗಾರ ಪುಸ್ತಕ ತೆಗೆದು ಬಾಕಿ ಓದುತ್ತಿದ್ದ. ಆ ಅಜ್ಜಿ ಓದುತ್ತಿದ್ದವನ ಕಡೆ ತಿರುಗಲೇ ಇಲ್ಲ. ಇವರ ತೋಳು ನೋಡಿದರು, ಮುಖ ನೋಡಿದರು. ಆಮೇಲೆ ಕಿವಿಗೆ ಕೈ ಹಾಕಿ ಓಲೆಯ ತಿರುಪು ಬಿಚ್ಚತೊಡಗಿದರು. ತಿರುಪು ಕಿಲುಬು ಹಿಡಿದು ಬಿಗಿಯಾಗಿತ್ತು. ಕಿವಿ ಕೆಂಪಾಗುವವರೆಗೆ ತಿರುವಿ ತಿರುವಿ ಬಿಚ್ಚಿ, ಇವರ ಅಂಗೈಗೆ ಇಟ್ಟು, ‘ಇಷ್ಟೇ ಇರೋದು ಸಾಮಿ, ಮಗೂಗೆ ಏನೂ ಮಾಡ್ಬೇಡಿ’ ಅಂದರು.

‘ನಾನು ಬಾಯೇ ಬಿಟ್ಟಿರಲಿಲ್ಲ ಮೇಡಂ.’

ಓಲೆ ವಾಪಸ್ ಕೊಟ್ಟು ಹೊರಗೆ ಬಂದರು. ಬೈಕಿನಲ್ಲಿ ಜೊತೆಗಾರ ದಾರಿಯುದ್ದಕ್ಕೂ ನಗುತ್ತಿದ್ದನಂತೆ. ನಿದ್ದೆ ಹೋಗಿದ್ದು ಅವತ್ತಿನಿಂದ. ಬಸ್ಸು, ಟೀ ಅಂಗಡಿ, ಮದುವೆ ಮನೆ ಎಲ್ಲ ಆಮೇಲೆ ಬಂದು ಇದಕ್ಕೆ ಅಂಟಿಕೊಂಡಿದ್ದವು. ಮೊದಲೂ ಜನ ನೋಡುತ್ತಿದ್ದರು, ಆಗ ಇವರಿಗೆ ಅದು ಖುಷಿಯೇ ಆಗಿತ್ತು.

ಇಂಥ ಕಡೆ ‘ಜನ ನಿಮ್ಮನ್ನು ತಪ್ಪು ತಿಳಿಯುತ್ತಾರೆ, ನಿಮ್ಮ ಮನಸ್ಸು ಒಳ್ಳೆಯದು, ಬಿಡಿ’ ಅನ್ನುವುದು ಸುಲಭ. ನಾನು ಹಾಗೆ ಹೇಳಲಿಲ್ಲ. ಆ ಅಜ್ಜಿ ತಪ್ಪು ತಿಳಿದುಕೊಳ್ಳಲಿಲ್ಲ. ಹೆದರಿಸಲಿ ಅಂತಲೇ ಕಂಪನಿ ಇವರನ್ನು ಅಲ್ಲಿ ನಿಲ್ಲಿಸಿತ್ತು, ಅವರು ಹೆದರಿದರು. ನಿಲ್ಲಿಸಿದವರ ಲೆಕ್ಕ ಸರಿಯಾಗಿಯೇ ಇತ್ತು.

ಕೋಲಾರದ ಟೊಮೆಟೊ ಮಾರುಕಟ್ಟೆಗೆ ಹೋಗಿ ನೋಡಿ ಅಂದೆ. ಅಲ್ಲಿನ ಹಮಾಲರು ದಿನವಿಡೀ 15 ಕೆ.ಜಿ. ಬಾಕ್ಸುಗಳನ್ನು ಒಂದರ ಮೇಲೊಂದು ಎತ್ತಿ ಲಾರಿಗೆ ತುಂಬುತ್ತಾರೆ. ಅವರ ತೋಳು, ಬೆನ್ನು ಸಣ್ಣದೇನಲ್ಲ. ಅವರನ್ನು ಕಂಡು ಯಾರೂ ಮಗುವನ್ನು ಒಳಗೆ ಕರೆಯುವುದಿಲ್ಲ. ಆ ಬಲ ಯಾತಕ್ಕೆ ಅನ್ನುವುದು ಎಲ್ಲರ ಕಣ್ಣಮುಂದೆ ಇದೆ. ಜಿಮ್ಮಿನ ಮೈ ನೋಡಿದರೆ ಹಾಗೆ ಕೂಡಲೇ ಗೊತ್ತಾಗುವುದಿಲ್ಲ. ನೋಡಿದವರು ‘ಇಷ್ಟೊಂದು ಯಾತಕ್ಕೆ?’ ಅಂದುಕೊಳ್ಳುತ್ತಾರೆ. ಉತ್ತರ ಇಲ್ಲದ ಕಡೆ ಬೌನ್ಸರ್, ಪೊಲೀಸ್, ರೌಡಿ, ಏನು ತೋಚಿದರೆ ಅದು. ಮೈ ಜೊತೆಗೆ ಸಾಲದ ಕಂಪನಿಯ ಟ್ಯಾಗು ಇದ್ದರೆ, ಕತ್ತಲಾದ ಮೇಲೆ ಬಾಗಿಲಿಗೆ ಬಂದು ನಿಂತರೆ, ಆ ಪ್ರಶ್ನೆಗೆ ನೀವೇ ಉತ್ತರ ಕೊಟ್ಟ ಹಾಗೆ.

‘ಹಾಗಾದ್ರೆ ಮೈ ಇಳಿಸಲಾ?’

ಬೇಡ ಅಂದೆ. ಅಷ್ಟು ವರ್ಷ ಇಷ್ಟಪಟ್ಟು ಬೆಳೆಸಿದ್ದನ್ನು ಮ್ಯಾನೇಜರನ ತಪ್ಪಿಗೆ ದಂಡವಾಗಿ ಕಟ್ಟುವುದು ಯಾವ ನ್ಯಾಯ? ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದ ಕೆ.ವಿ. ಅಯ್ಯರ್ ಕೋಲಾರ ಸೀಮೆಯವರೇ. ಅವರ ಮೈಕಟ್ಟಿನ ಫೋಟೋಗಳು ಇವತ್ತಿಗೂ ಸಿಗುತ್ತವೆ. ಅದೇ ಮನುಷ್ಯ ಕನ್ನಡದಲ್ಲಿ ಕಾದಂಬರಿ ಬರೆದರು. ಮುನಿರಾಜುಗೆ ಇದು ಗೊತ್ತಿರಲಿಲ್ಲ. ಅಲ್ಲೇ ಮೊಬೈಲಲ್ಲಿ ಹುಡುಕಿ ಫೋಟೋ ದೊಡ್ಡದು ಮಾಡಿ ನೋಡಿದರು. ‘ಸಪ್ಲಿಮೆಂಟ್ ಇಲ್ಲದ ಕಾಲದಲ್ಲಿ!’ ಅಂದರು. ಕಾದಂಬರಿ ವಿಷಯಕ್ಕೆ ಅಷ್ಟು ಆಸಕ್ತಿ ಬರಲಿಲ್ಲ.

ಪೇಟೆಯ ಜನಕ್ಕೆ ಕೊಟ್ಟ ಸಲಹೆ ಚಿಕ್ಕದು. ಹಿಸುಕಲು ಬಂದ ಕೈಯನ್ನು ಅರ್ಧದಲ್ಲೇ ಹಿಡಿದು ಶೇಕ್‌ಹ್ಯಾಂಡ್ ಮಾಡಿಬಿಡಿ, ‘ನಮಸ್ಕಾರ ಅಂಕಲ್, ಊಟ ಆಯ್ತಾ?’ ಅನ್ನಿ. ಇಂಜೆಕ್ಷನ್ ಪ್ರಶ್ನೆಗೆ ‘ಇಲ್ಲ ಅಣ್ಣ, ಮೊಟ್ಟೆ, ಮುದ್ದೆ’ ಅಷ್ಟು ಸಾಕು, ಭಾಷಣ ಬೇಡ. ಸಿಲಿಂಡರನ್ನು ಮನಸ್ಸಿದ್ದರೆ ಹೊರಿ, ಇಲ್ಲದಿದ್ದರೆ ಬೆನ್ನು ಹಿಡಿದಿದೆ ಅನ್ನಿ.

ಹಳ್ಳಿ ಮನೆಗಳ ವಿಷಯಕ್ಕೆ ಜಾಸ್ತಿ ಹೊತ್ತು ಬೇಕಾಯಿತು. ನಾನು ಚಾಪೆ ಹಾಸಿ ನೆಲದ ಮೇಲೆ ಕೂತು, ಅವರನ್ನು ನನ್ನ ಕೋಣೆಯ ಬಾಗಿಲಲ್ಲಿ ನಿಲ್ಲಲು ಹೇಳಿದೆ. ಕೂತಲ್ಲಿಂದಲೇ ಮೊಬೈಲಲ್ಲಿ ಒಂದು ಫೋಟೋ ತೆಗೆದು ತೋರಿಸಿದೆ. ಅದರಲ್ಲಿ ಬಾಗಿಲೇ ಕಾಣುತ್ತಿರಲಿಲ್ಲ. ಅವರು ಮೊದಲು ಹೇಳಿದ್ದು, ‘ಶೋಲ್ಡರ್ ಚೆನ್ನಾಗಿ ಬಂದಿದೆ ಅಲ್ವಾ ಮೇಡಂ.’ ಇಬ್ಬರೂ ನಕ್ಕೆವು. ಆಮೇಲೆ ಫೋಟೋವನ್ನು ಇನ್ನೊಂದು ಸಲ ನೋಡಿ ಕೆಳಗಿಟ್ಟರು.

ಹೊಸ್ತಿಲು ಬಿಟ್ಟು ಅಂಗಳದಲ್ಲಿ, ಒಂದು ಪಕ್ಕಕ್ಕೆ ನಿಲ್ಲಿ. ದೂರದಿಂದಲೇ ‘ಅಕ್ಕಾ’ ಅಂತ ಕರೆಯಿರಿ. ಹೆಲ್ಮೆಟ್ ತೆಗೆಯಿರಿ. ಜಗಲಿ ಇದ್ದರೆ, ಕೂರಲು ಹೇಳಿದರೆ, ಕೂತೇ ಮಾತಾಡಿ. ಗ್ರೂಪಿನ ಒಬ್ಬರು ಹೆಂಗಸು ಜೊತೆಗಿರಲಿ. ಇಷ್ಟನ್ನು ಹೇಳಿ ಅಲ್ಲೇ ಇನ್ನೊಂದನ್ನೂ ಸೇರಿಸಿದೆ. ಬಾಕಿ ವಸೂಲಿಗೆ ಹೆದರಿಕೆಯೇ ಬಂಡವಾಳ ಆಗಿದ್ದರೆ, ನೀವು ಎಷ್ಟು ನಯವಾಗಿ ಕೂತರೂ ಅದು ಹೆದರಿಸುವುದೇ. ಆ ಕೆಲಸಕ್ಕೆ ಹೋಗುವುದಿಲ್ಲ ಅಂತ ಹೇಳಲೇಬೇಕು.

ಹಾಗೆ ಹೇಳಲು ಆಧಾರವೂ ಇದೆ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದ ಪ್ರಕಾರ ಕಿರುಸಾಲದ ಕಂತನ್ನು ಇಬ್ಬರೂ ಒಪ್ಪಿದ ಜಾಗದಲ್ಲಿ ಕಟ್ಟಿಸಿಕೊಳ್ಳಬೇಕು. ಸಾಲಗಾರರು ಸತತವಾಗಿ ಎರಡು ಅಥವಾ ಹೆಚ್ಚು ಸಲ ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಬೆದರಿಸುವಂತಿಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಕರೆಯನ್ನೇ ಮಾಡಬಾರದ ಹೊತ್ತಲ್ಲಿ ಇಬ್ಬರು ಗಂಡಸರು ಬಾಗಿಲಿಗೆ ಹೋಗುವುದನ್ನು ಏನನ್ನಬೇಕು? ಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ನಾಳೆ ಯಾರಾದರೂ ದೂರು ಕೊಟ್ಟರೆ ಅವರಿಗೆ ನೆನಪಿರುವುದು ಮ್ಯಾನೇಜರ್ ಮುಖ ಅಲ್ಲ, ನಿಮ್ಮದು. ಈ ಮಾತು ಅವರಿಗೆ ಬೇಗ ತಟ್ಟಿತು.

ಇಬ್ಬರೂ ಕೂತು ಒಂದು ಇಮೇಲ್ ಬರೆದೆವು. ಗುಂಪಿನವರೆಲ್ಲ ಸೇರಿ ಕಂತು ಕಟ್ಟುವ ಸೆಂಟರ್ ಮೀಟಿಂಗಿಗೆ ಎಷ್ಟಾದರೂ ಹೋಗುತ್ತೇನೆ, ಸಂಜೆ ಆರರ ಮೇಲೆ ಯಾರ ಮನೆಗೂ ಹೋಗುವುದಿಲ್ಲ, ಅಷ್ಟೇ. ಕೆಲಸ ಬಿಡಿ ಅಂತ ನಾನು ಹೇಳಲಿಲ್ಲ. ತಂಗಿಯ ಮದುವೆ ಸಾಲ ಅವರ ತಲೆ ಮೇಲಿದೆ, ಅದರ ಕಂತು ಕಟ್ಟುವವಳು ನಾನಲ್ಲ.

ಮ್ಯಾನೇಜರ್ ಇಮೇಲಿಗೆ ಉತ್ತರ ಕೊಡದೆ ಎದುರಿಗೇ ಕರೆದು, ‘ನಿನ್ನನ್ನ ತಗೊಂಡಿದ್ದೇ ಅದಕ್ಕೆ ಕಣೋ’ ಅಂದನಂತೆ. ಬಿ.ಕಾಂ. ಮಾರ್ಕ್ಸ್ ನೋಡಿ ಕೆಲಸ ಕೊಟ್ಟರು ಅಂತ ಇವರು ಇಷ್ಟು ದಿನ ನಂಬಿದ್ದರು. ಆ ಸಲ ಬಂದಾಗ ಮಾತಾಡಿದ್ದೆಲ್ಲ ಈ ಒಂದು ಅವಮಾನದ ಬಗ್ಗೆಯೇ. ಕೊನೆಗೆ ಶ್ರೀನಿವಾಸಪುರ ಕಡೆಯ ದೂರದ ಸೆಂಟರುಗಳಿಗೆ ಹಾಕಿದ್ದಾರೆ. ಶಿಕ್ಷೆ ಅಂತ ಹಾಕಿದ್ದು. ಆದರೆ ಅಲ್ಲಿ ಮೀಟಿಂಗ್ ಬೆಳಿಗ್ಗೆ ಮುಗಿಯುತ್ತದೆ. ನಿದ್ದೆ ಪರವಾಗಿಲ್ಲ.

ಆ ಅಜ್ಜಿಯನ್ನು ನೋಡಿ ಕ್ಷಮೆ ಕೇಳಲಾ ಅಂತ ಕೇಳಿದರು. ನಿಮ್ಮ ಮನಸ್ಸು ಹಗುರ ಆಗಲಿ ಅಂತ ಮತ್ತೆ ಅದೇ ಬಾಗಿಲಿಗೆ ಹೋಗಬೇಡಿ ಅಂದೆ. ನಿಮ್ಮನ್ನು ದೂರದಿಂದ ಕಂಡ ಕೂಡಲೇ ಅವರ ಕೈ ಕಿವಿಗೆ ಹೋಗುತ್ತದೆ. ಏನಾದರೂ ಮಾಡಲೇಬೇಕು ಅನ್ನಿಸಿದರೆ, ಸೊಸೆ ಮೀಟಿಂಗಿಗೆ ಬರುವ ಸೆಂಟರಿನ ಗ್ರೂಪ್ ಲೀಡರಿಗೆ ಒಂದು ಫೋನ್ ಮಾಡಿ. ಸಾಲದ ಕಾರ್ಡಿನಲ್ಲಿ ದೂರು ಕೇಳುವ ಅಧಿಕಾರಿಯ ಹೆಸರು, ನಂಬರ್ ಇರಬೇಕು, ಅದನ್ನು ಸೊಸೆಗೆ ತೋರಿಸಿ ಓದಿ ಹೇಳಲು ಹೇಳಿ.

‘ನಮ್ಮ ಕಂಪನಿ ಮೇಲೇನಾ ಮೇಡಂ?’

ಹೌದು ಅಂದೆ. ಯೋಚನೆ ಮಾಡ್ತೀನಿ ಅಂದಿದ್ದಾರೆ. ಇನ್ನೂ ಫೋನ್ ಮಾಡಿಲ್ಲ. ಮುಂದಿನ ಭೇಟಿ ಸಂಬಳ ಆದ ಮೇಲೆ.